ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು

ಕೇಳುಗರೆಲ್ಲರಿಗೂ ನಮಸ್ಕಾರ.

ಟಿವಿಯ ನೆನಪುಗಳನ್ನು ಹೇಳಲು ರೇಡಿಯೊದ ಮೈಕಿನ ಮುಂದೆ ಕುಳಿತಿದ್ದೇನೆ. ನಮ್ಮ ಮನೆಯ ಮಟ್ಟಿಗೆ ಅದಕ್ಕೆ ಇದೇ ಸರಿಯಾದ ಜಾಗ. ತೀರ್ಥಹಳ್ಳಿ ಸೀಮೆಯ ಆ ಮನೆಯಲ್ಲಿ, 1980ರ ದಶಕದ ಕೊನೆಯ ವರ್ಷಗಳಲ್ಲಿ, ಟಿವಿಯನ್ನು ಕಣ್ಣಿಟ್ಟು ನೋಡಿದವರು ನಾವು ಮಕ್ಕಳು ಮಾತ್ರ. ಉಳಿದವರೆಲ್ಲ ಅದನ್ನು ಕೇಳಿದರು. ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಮ್ಮ ಆ ಹೊತ್ತಿಗೆ ಒಲೆಯ ಮುಂದಿರುತ್ತಿದ್ದಳು. ತೋಟದ ಕೆಲಸಕ್ಕೆ ಬರುವವರು ಕಿಟಕಿಯ ಆಚೆ ಅಂಗಳದಲ್ಲಿ ನಿಲ್ಲುತ್ತಿದ್ದರು. ಮುಂದಿನ ಸಾಲಿನ ಒಂದಿಬ್ಬರಿಗೆ ಬಿಟ್ಟರೆ ಹಿಂದಿದ್ದವರಿಗೆ ಏನೂ ಕಾಣುತ್ತಿರಲಿಲ್ಲ.

ಇನ್ನು ಎಷ್ಟೋ ದಿನ ಕಾಣುವುದಕ್ಕೆ ಚಿತ್ರವೇ ಇರುತ್ತಿರಲಿಲ್ಲ. ಮನೆಯ ಸುತ್ತ ಗುಡ್ಡ. ಹಿಂಬದಿಯ ದರೆ ಹತ್ತಿ, ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ, ಅಲ್ಲಿಂದ ವೈರು ಎಳೆದಿದ್ದರು. ಒಂದು ಗಾಳಿ ಬೀಸಿದರೆ ಸಾಕು, ಗಳ ತಿರುಗಿಬಿಡುತ್ತಿತ್ತು. ಅಣ್ಣ ದರೆಯ ಮೇಲೆ, ನಾನು ಅಂಗಳದಲ್ಲಿ, ಚಿಕ್ಕಪ್ಪ ಟಿವಿ ಮುಂದೆ, "ಬಂತನಾ?", "ಇಲ್ಲ ಮಾರಾಯಾ, ಇನ್ನೂ ಸ್ವಲ್ಪ ಆಚೆ" ಎಂದು ಕೂಗಿ ಕೂಗಿ ಗಂಟಲು ಒಣಗುತ್ತಿತ್ತು. ಕೊನೆಗೂ ಪರದೆ ತುಂಬ ಚುಕ್ಕೆಗಳೇ. ಆದರೆ ಮಾತು ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಅದು ಏಕೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗಿನ ಟಿವಿ ಪ್ರಸಾರದಲ್ಲಿ ಚಿತ್ರಕ್ಕೆ ಒಂದು ಅಲೆ, ಧ್ವನಿಗೆ ಇನ್ನೊಂದು ಅಲೆ. ಧ್ವನಿಯನ್ನು ಕಳಿಸುತ್ತಿದ್ದದ್ದು ಎಫ್‌ಎಂ ವಿಧಾನದಲ್ಲಿ. ಗುಡ್ಡ ಅಡ್ಡ ಬಂದು ಸಿಗ್ನಲ್ ಸೊರಗಿದಾಗ ಮೊದಲು ಕೆಡುವುದು ಚಿತ್ರ. ಎಫ್‌ಎಂ ಧ್ವನಿ ಇನ್ನಷ್ಟು ಹೊತ್ತು ತಾಳಿಕೊಳ್ಳುತ್ತದೆ. ಹಾಗಾಗಿ ಮಲೆನಾಡಿನ ಕಣಿವೆಗಳ ಅದೆಷ್ಟೋ ಮನೆಗಳಲ್ಲಿ, ಮಳೆಗಾಲದ ಅದೆಷ್ಟೋ ಭಾನುವಾರ, ಟಿವಿ ಎಂದರೆ ಕಿವಿಗೆ ಬಿದ್ದಷ್ಟು.

ಹಾಗೆ ಕೇಳುವ ಅಭ್ಯಾಸ ನಮ್ಮವರಿಗೆ ಮೊದಲೇ ಇತ್ತು. ಬೆಳಿಗ್ಗೆ 6.55ಕ್ಕೆ "ಇಯಮ್ ಆಕಾಶವಾಣೀ" ಎಂದು ಸಂಸ್ಕೃತ ವಾರ್ತೆ ಶುರುವಾದರೆ, ಬಲದೇವಾನಂದ ಸಾಗರರ ದನಿ ಕೇಳಿದ ಮೇಲೆಯೇ ಅಜ್ಜ ಬಚ್ಚಲಿಗೆ ಹೋಗುತ್ತಿದ್ದದ್ದು. ಪ್ರದೇಶ ಸಮಾಚಾರದ ಹೊತ್ತಿಗೆ ನಮ್ಮ ತಲೆ ಬಾಚಿ ಮುಗಿದಿರಬೇಕು. ಭದ್ರಾವತಿ ಕೇಂದ್ರದಲ್ಲಿ ಚಿತ್ರಗೀತೆ ಬಂದರೆ ಶಾಲೆಗೆ ತಡ ಎಂದೇ ಅರ್ಥ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು ಎಂದು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಮನೆಯಲ್ಲಿ ಹುಟ್ಟಿದ್ದು ಮನೆಗಳ ಒಳಗೇ ಬಂದು ಕುಳಿತಿತು.

ರೇಡಿಯೊಗಿಂತಲೂ ಹಿಂದಿನದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆಯ ಪೆಟ್ಟು, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು. ಅಷ್ಟರಲ್ಲೇ ಕುರುಕ್ಷೇತ್ರ ಎದ್ದು ನಿಲ್ಲಬೇಕು. ಅಜ್ಜ ಆ ಕೂಟಗಳಲ್ಲಿ ಬೆಳಗಿನ ಜಾವದವರೆಗೆ ಕುಳಿತು ಬಂದವನು. ಅವನಿಗೆ ಚಿತ್ರವಿಲ್ಲದ ಟಿವಿ ಒಂದು ಕೊರತೆಯೆಂದು ಅನ್ನಿಸಲೇ ಇಲ್ಲ.

1987ರ ಜನವರಿ 25ರ ಭಾನುವಾರ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾಯಿತು. ನಮ್ಮ ಮನೆಗೆ ಟಿವಿ ಬಂದದ್ದು ಅದರ ನಡುವೆ ಎಲ್ಲೋ, ಕಪ್ಪು-ಬಿಳುಪಿನದು. ಕರೆಂಟು ನಂಬುವ ಹಾಗಿಲ್ಲವಾದ್ದರಿಂದ ಕಾರಿನ ಬ್ಯಾಟರಿಗೂ ಹಾಕಬಹುದಾದಂಥದ್ದು. ಶನಿವಾರ ಸಂಜೆ ಬ್ಯಾಟರಿಯನ್ನು ಪೇಟೆಗೆ ಕಳಿಸಿ ಚಾರ್ಜ್ ಮಾಡಿಸಿಕೊಂಡು ಬರುವುದು ಚಿಕ್ಕಪ್ಪನ ಕೆಲಸ. ಆ ಕೆಲಸವನ್ನು ಅವನು ಮರೆತದ್ದನ್ನು ನಾನು ಕಾಣೆ.

ಮಾತೆಲ್ಲ ಹಿಂದಿ. ನಮ್ಮಲ್ಲಿ ಹಿಂದಿ ಬರುತ್ತಿದ್ದದ್ದು ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದ ಅಣ್ಣನಿಗೆ ಮಾತ್ರ, ಅದೂ ಅಷ್ಟಕ್ಕಷ್ಟೆ. ಅರ್ಥ ಹೇಳುವ ಕೆಲಸವನ್ನು ಅಜ್ಜಿ ವಹಿಸಿಕೊಂಡಳು. ಅವಳಿಗೆ ಒಂದಕ್ಷರ ಹಿಂದಿ ಗೊತ್ತಿರಲಿಲ್ಲ. ಆದರೆ ರಾಮಾಯಣ ಗೊತ್ತಿತ್ತು. ದನಿಯ ಏರಿಳಿತ ಕೇಳಿಯೇ "ಈಗ ಕೈಕೇಯಿ ವರ ಕೇಳ್ತಾಳೆ ನೋಡು", "ಇವ ಸುಮಂತ್ರ, ರಥ ಹೊಡಿಯೋನು" ಎಂದು ಹೇಳುತ್ತ ಹೋಗುತ್ತಿದ್ದಳು. ಯಾರಾದರೂ ಗಟ್ಟಿಯಾಗಿ ಅತ್ತರೆ, ಅವರು ಯಾಕೆ ಅಳುತ್ತಿದ್ದಾರೆ ಎಂಬುದಕ್ಕೆ ಅವಳ ಬಳಿ ಪೂರ್ತಿ ಕಥೆಯೇ ಇರುತ್ತಿತ್ತು. ಅಜ್ಜ ನಡುವೆ ಬಾಯಿ ಹಾಕುತ್ತಿದ್ದ. "ವಾಲಿಗೆ ಇಷ್ಟೇನಾ ಮಾತು? ನಮ್ಮ ಕೂಟದಾಗೆ ವಾಲಿ ಬಾಣ ತಾಗಿ ಬಿದ್ದ ಮೇಲೆ ಒಂದು ತಾಸು ರಾಮನ್ನ ಕೇಳ್ತಿದ್ದ." ಆಮೇಲೆ ವಾಲಿ ಏನೇನು ಕೇಳುತ್ತಿದ್ದ ಎಂದು ಹೇಳಿಯೂ ಹೇಳುತ್ತಿದ್ದ. ಅಷ್ಟರಲ್ಲಿ ಟಿವಿಯ ರಾಮ ಕಿಷ್ಕಿಂಧೆ ದಾಟಿರುತ್ತಿದ್ದ.

ನನಗೆ ಇಂದಿಗೂ ರಾಮಾಯಣದ ಮಾತುಗಳು ಅಜ್ಜಿಯ ದನಿಯಲ್ಲೇ ಕೇಳಿಸುವುದು. ಪರದೆಯ ಮೇಲಿದ್ದವರ ದನಿ ಒಂದಾದರೂ ಕಿವಿಯಲ್ಲಿ ಉಳಿದಿಲ್ಲ. ಉಳಿದದ್ದು ಹಾಡು ಮಾತ್ರ. ಆ ಧಾರಾವಾಹಿಗೆ ಸಂಗೀತ ಕೊಟ್ಟವರು ರವೀಂದ್ರ ಜೈನ್. ಅವರು ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು. ಪತ್ರಿಕೆಯಲ್ಲಿ ಬಂದಿದ್ದ ಆ ಸಂಗತಿಯನ್ನು ಅಪ್ಪ ಓದಿ ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅವರೂ ನನ್ನ ಹಂಗೇ, ಕೇಳಿಯೇ ಕಂಡೋರು" ಅಂದ. ಮುಂದಿನ ಭಾನುವಾರದಿಂದ ಚೌಪಾಯಿ, ಅಂದರೆ ನಡುನಡುವೆ ಹಾಡುವ ಹಿಂದಿ ಪದ್ಯ, ಶುರುವಾದರೆ ಯಾರೂ ಮಾತಾಡುವಂತಿಲ್ಲ ಎಂದು ಅಜ್ಜನ ಅಪ್ಪಣೆಯಾಯಿತು. ಅಜ್ಜಿಯ ಅರ್ಥ ಕೂಡ ಆಗ ನಿಲ್ಲಬೇಕು.

1988ರ ಅಕ್ಟೋಬರಿನಲ್ಲಿ ಬಿ. ಆರ್. ಚೋಪ್ರಾ ಅವರ ಮಹಾಭಾರತ ಬಂತು. ಮಹೇಂದ್ರ ಕಪೂರರ ಕಂಠ, ಶಂಖದ ಸದ್ದು, ಅದರ ಹಿಂದೆಯೇ ಕಾಲಪುರುಷನ ಮಾತು. ಆ ಮಾತಾಡುವವನಿಗೆ ಮುಖವಿಲ್ಲ. ಹರೀಶ್ ಭಿಮಾನಿ ಅವರ ದನಿ ಮಾತ್ರ. ಆ ದನಿ ಅಮ್ಮನಿಗೆ ಬಹಳ ಹಿಡಿಸಿತ್ತು. ಭಾನುವಾರದ ಅಕ್ಕಿರೊಟ್ಟಿಗೆ ಅಷ್ಟು ಜನಕ್ಕೆ ಅವಳೊಬ್ಬಳೇ ಒಲೆಯ ಮುಂದೆ. ಶಂಖ ಊದಿದ್ದು ಕೇಳಿಸಿತೆಂದರೆ ಚಟಪಟ ಅನ್ನುವ ಕಟ್ಟಿಗೆಯನ್ನು ಹೊರಗೆಳೆದು, ಸದ್ದು ಮಾಡದೆ ಉರಿಯುವ ಕೊಳ್ಳಿ ಇಟ್ಟುಕೊಳ್ಳುತ್ತಿದ್ದಳು. ರೊಟ್ಟಿ ತಟ್ಟುವುದನ್ನೂ ಆ ಮಾತು ಮುಗಿಯುವವರೆಗೆ ನಿಲ್ಲಿಸುತ್ತಿದ್ದಳು. ದ್ರೌಪದಿಯ ವಸ್ತ್ರಾಪಹರಣದ ದಿನ ನಾವೆಲ್ಲ ಒಳಗೆ ಓಡಿ, "ಅಮ್ಮಾ ಬಾ, ಇವತ್ತಾದ್ರೂ ನೋಡು" ಎಂದು ಕೈ ಹಿಡಿದು ಎಳೆದೆವು. ಅವಳು ಬರಲಿಲ್ಲ. "ಕೇಳಿದ್ದೇ ಸಾಕು ಮಕ್ಕಳೇ" ಅಂದಳು. ಕಣ್ಣು ಕೆಂಪಾಗಿತ್ತು. ಆ ಮಹಾಭಾರತದ ಒಂದು ಕಂತನ್ನೂ ಅಮ್ಮ ಕುಳಿತು ನೋಡಿದವಳಲ್ಲ. ನಮ್ಮ ಸಂತೋಷದ ಭಾನುವಾರಗಳು ನಡೆದದ್ದು ಅವಳು ಒಲೆಯ ಮುಂದೆ ಇದ್ದದ್ದರಿಂದ. ಇದನ್ನು ಬಿಟ್ಟು ಆ ದಿನಗಳನ್ನು ಹೊಗಳುವುದು ನನಗೆ ಸಾಧ್ಯವಿಲ್ಲ.

ಹಾಗೆಯೇ ಅಂಗಳದಲ್ಲಿ ನಿಂತವರ ವಿಷಯ. ಊರಿಗೆ ಒಂದೇ ಟಿವಿ, ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದೆವು ಎಂದು ಈಗ ಅನೇಕರು ಹೇಳುತ್ತಾರೆ, ಬರೆಯುತ್ತಾರೆ. ಎಲ್ಲರೂ ಕೂತಿರಲಿಲ್ಲ. ಕೆಲವರು ಜಗಲಿಯಲ್ಲಿ ಕೂತಿದ್ದರು, ಕೆಲವರು ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದರು. ಯಾರು ಎಲ್ಲಿ ಎಂಬುದು ಟಿವಿ ಬರುವುದಕ್ಕೆ ಬಹಳ ಹಿಂದೆಯೇ ನಿರ್ಧಾರವಾಗಿತ್ತು. ಒಂದು ಆಷಾಢದ ಭಾನುವಾರ ಮಳೆ ಸುರಿಯುತ್ತಿತ್ತು. ಗೊರಬು ಸೂಡಿಕೊಂಡು, ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು ಅವರು ಹಾಗೆಯೇ ನಿಂತಿದ್ದರು. ಅಮ್ಮ ಅಡುಗೆಮನೆಯಿಂದ ಬಂದು, "ಎಲ್ಲರೂ ಒಳಗೆ ಬನ್ನಿ, ಹಿಂಗೆ ನೆನೀತಾ ಎಂತ ನೋಡೋದು" ಅಂದಳು. ಅಜ್ಜಿ ಅಮ್ಮನ ಮುಖ ನೋಡಿದಳು, ಏನೂ ಹೇಳಲಿಲ್ಲ. ಅಜ್ಜ ಸರಿದು ಜಾಗ ಮಾಡಿದ. ಮಳೆ ನಿಂತ ಮೇಲಿನ ಭಾನುವಾರಗಳಲ್ಲಿಯೂ ಅವರು ಜಗಲಿಯಲ್ಲೇ ಕೂತರು.

ಅವರಲ್ಲೊಬ್ಬ ಹೆಂಗಸಿಗೆ ಅದ್ಭುತವಾದ ಕಂಠ. ಸುಗ್ಗಿಯಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ, ಭಾನುವಾರ ಕೇಳಿದ ಧಾಟಿಗೆ ತನ್ನದೇ ಕನ್ನಡದ ಮಾತು ಹಾಕಿ ಹಾಡುತ್ತಿದ್ದಳು. ಭೀಮ ಅವಳ ಹಾಡಿನಲ್ಲಿ ನಮ್ಮ ಗದ್ದೆಯ ಅಂಚಿನಲ್ಲೇ ನಡೆದುಹೋಗುತ್ತಿದ್ದ. ಮುಂಬಯಿಯಲ್ಲಿ ಕಟ್ಟಿದ ಒಂದು ಧಾಟಿ, ಬ್ಯಾಟರಿಯ ಟಿವಿಯಿಂದ ಹೊರಟು, ಅಡಿಕೆ ರಾಶಿಯ ಸುತ್ತ ಕೂತವರ ಸೋಬಾನೆಯ ಗಂಟಲಿಗೆ ಇಳಿದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬದುಕಿನಲ್ಲಿ ನಾನು ಕೇಳಿದ ದೊಡ್ಡ ಸಂಗೀತಗಳಲ್ಲಿ ಅದನ್ನೂ ಸೇರಿಸುತ್ತೇನೆ.

ಇನ್ನು ಮಾಲ್ಗುಡಿ ಡೇಸ್. ಅದನ್ನು ಹೇಳದೆ ಮಲೆನಾಡಿನವಳ ಮಾತು ಮುಗಿಯುವುದುಂಟೇ? ಶಂಕರ್‌ನಾಗ್ ಅದನ್ನು ತೆಗೆದದ್ದು ಆಗುಂಬೆಯಲ್ಲಿ, ನಮ್ಮಿಂದ ಒಂದು ಬಸ್ಸಿನ ದಾರಿ. ಆರ್. ಕೆ. ನಾರಾಯಣರ ಕಥೆ, ಅವರ ತಮ್ಮ ಆರ್. ಕೆ. ಲಕ್ಷ್ಮಣರ ಗೆರೆಗಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡರು, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಎಲ್ಲ ನಮ್ಮವರೇ, ಮಾತು ಮಾತ್ರ ಹಿಂದಿ. ಇಲ್ಲಿ ಅಜ್ಜಿಗೂ ಅರ್ಥ ಹೇಳಲು ಆಗುತ್ತಿರಲಿಲ್ಲ, ಇದು ಅವಳಿಗೆ ಗೊತ್ತಿದ್ದ ಕಥೆಯಲ್ಲ. ಆದರೆ ಶುರುವಿನ ಆ ಧಾಟಿ ಬಂತೆಂದರೆ ಯಾರಿಗೂ ಅರ್ಥ ಬೇಕಾಗುತ್ತಿರಲಿಲ್ಲ. ಎಲ್. ವೈದ್ಯನಾಥನ್ ಕಟ್ಟಿದ ಆ ರಾಗಕ್ಕೆ ಸಾಹಿತ್ಯವೇ ಇಲ್ಲ. ಬರೀ ತಾನನ. ಹಿಂದಿ ಬಂದವರೂ ಬಾರದವರೂ ಅದರ ಮುಂದೆ ಒಂದೇ. ಅಜ್ಜ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ತೊಟ್ಟಿಲಲ್ಲಿದ್ದ ಚಿಕ್ಕಪ್ಪನ ಮಗಳು ಆ ದನಿಗೆ ಅಳು ನಿಲ್ಲಿಸುತ್ತಿದ್ದಳು. ಇಡೀ ಮನೆ ಒಟ್ಟಿಗೆ ಗುನುಗುತ್ತಿದ್ದ ಹಾಡು ಅದೊಂದೇ.

ಸಾಗರದ ದಾರಿಯ ಅರಸಾಳು ರೈಲು ನಿಲ್ದಾಣ ಆ ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿತ್ತು. 2020ರಲ್ಲಿ ಅದನ್ನು ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹೋಗಿ ಬಂದೆ. ಚೆನ್ನಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

1990ರ ಸೆಪ್ಟೆಂಬರ್ 30, ಅದೂ ಭಾನುವಾರವೇ. ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಅಪಘಾತವಾಗಿ ಶಂಕರ್‌ನಾಗ್ ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ರೇಡಿಯೊದಿಂದ. ಅಣ್ಣ ಊಟ ಬಿಟ್ಟು ಎದ್ದು ಹೋದ. ಅಮ್ಮ ಅವನನ್ನು ಕರೆಯಲಿಲ್ಲ.

ಮನೆಯವರೆಲ್ಲ ಕೆಲಸ ಬಿಟ್ಟು ನಿಲ್ಲುತ್ತಿದ್ದ ಇನ್ನೊಂದು ಹಾಡು ಮಿಲೇ ಸುರ್ ಮೇರಾ ತುಮ್ಹಾರಾ. ಅದು 1988ರ ಆಗಸ್ಟ್ 15ರಂದು ಮೊದಲು ಬಂದದ್ದು, ಹದಿನಾಲ್ಕು ಭಾಷೆಗಳ ಹಾಡು. ಶುರು ಮಾಡುವ ಭೀಮಸೇನ ಜೋಶಿಯವರು ಗದಗ ಸೀಮೆಯವರು ಎಂಬ ಹೆಮ್ಮೆ ಅಪ್ಪನಿಗೆ. ನಾವು ಕಾಯುತ್ತಿದ್ದದ್ದು ಕನ್ನಡದ ಸಾಲಿಗೆ. ಅದು ಬಂದು ಹೋಗುವುದು ಕೆಲವೇ ಕ್ಷಣ. ಹಿಂದಿಯ ಪ್ರವಾಹದ ನಡುವೆ ನಮ್ಮ ಮಾತು ದೆಹಲಿಯಿಂದ ಬಂತಲ್ಲ ಎಂದು ಅಜ್ಜಿ ಪ್ರತಿಸಲವೂ ಅಚ್ಚರಿಪಡುತ್ತಿದ್ದಳು.

ಚಿಕ್ಕಪ್ಪ ಒಂದು ಟೇಪ್ ರೆಕಾರ್ಡರ್ ತಂದ ಮೇಲೆ ಈ ಧಾಟಿಗಳನ್ನು ಹಿಡಿದಿಡುವ ಆಸೆ ಹುಟ್ಟಿತು. ಈಗಿನ ಹಾಗೆ ತಂತಿ ಜೋಡಿಸುವ ಅನುಕೂಲವಿಲ್ಲ. ಟಿವಿಯ ಸ್ಪೀಕರಿನ ಮುಂದೆ ಮಣೆ ಹಾಕಿ, ಅದರ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಿ, ಎಲ್ಲರೂ ಉಸಿರು ಬಿಗಿಹಿಡಿಯುವುದು. ಆದರೆ ಮನೆ ಎಲ್ಲಿ ಸುಮ್ಮನಿರುತ್ತದೆ? ಆ ಕ್ಯಾಸೆಟ್ ಈಗಲೂ ನನ್ನ ಹತ್ತಿರ ಇದೆ. ಮಾಲ್ಗುಡಿಯ ಧಾಟಿಯ ನಡುವೆ ಅಜ್ಜನ ಕೆಮ್ಮು. ಕೊಟ್ಟಿಗೆಯಿಂದ ಕರುವಿನ ಕೂಗು. "ಒಲೆ ಮೇಲೆ ಹಾಲಿಟ್ಟೋರು ಯಾರೇ, ಉಕ್ತಾ ಉಂಟು" ಎಂದು ಅಜ್ಜಿ. ಅಣ್ಣ "ಶ್" ಅನ್ನುತ್ತಾನೆ, ಅವಳು ಇನ್ನೂ ಗಟ್ಟಿಯಾಗಿ "ಎಂತ ಶ್?" ಅನ್ನುತ್ತಾಳೆ. ಆವತ್ತು ಕ್ಯಾಸೆಟ್ ಹಾಳಾಯಿತೆಂದು ಅಣ್ಣ ಅತ್ತಿದ್ದ. ಶುದ್ಧವಾದ ಆ ಧಾಟಿ ಇವತ್ತು ಯಾವ ಫೋನಿನಲ್ಲಿ ಬೇಕಾದರೂ ಸಿಗುತ್ತದೆ. ಅಜ್ಜ, ಅಜ್ಜಿ ಮಾತಾಡಿದ್ದು ಮಾತ್ರ ಆ ಒಂದು ಕ್ಯಾಸೆಟ್ ಬಿಟ್ಟರೆ ಎಲ್ಲೂ ಇಲ್ಲ.

ಅದಕ್ಕೇ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಕಪಾಟಿನ ತಳದಲ್ಲಿ ಹೀಗೆ ಮನೆಯಲ್ಲೇ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳಿದ್ದರೆ ಈ ಮಳೆಗಾಲಕ್ಕೆ ಮುಂಚೆ ತೆಗೆದು ನೋಡಿ. ನಮ್ಮ ಕಡೆಯ ಥಂಡಿಗೆ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಬೂಷ್ಟು ಕಂಡರೆ ಹಾಗೆಯೇ ಪ್ಲೇಯರಿಗೆ ಹಾಕಬೇಡಿ. ಅದು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಕ್ಯಾಸೆಟ್ಟನ್ನು ಬಿಸಿಲಿಗೂ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿಟ್ಟು ತೇವ ಆರಿಸಿ, ಆಮೇಲೆ ಈ ಕೆಲಸ ಗೊತ್ತಿರುವವರ ಕೈಗೆ ಕೊಡಿ. ಸುರುಳಿ ಸಡಿಲವಾಗಿದ್ದರೆ ಪೆನ್ಸಿಲ್ ಹಾಕಿ ನಿಧಾನ ಬಿಗಿಮಾಡಿ. ಕಂಪ್ಯೂಟರಿಗೆ ಇಳಿಸುವಾಗ, ಹಾಡು ಚೆನ್ನಾಗಿ ಕೇಳಲೆಂದು ಹಿಂದಿನ ಸದ್ದನ್ನೆಲ್ಲ ತೆಗೆದುಬಿಡುತ್ತೇವೆ ಎಂದು ಅವರು ಹೇಳಬಹುದು. ತೆಗೆಯಬೇಡಿ ಎಂದು ಮೊದಲೇ ಹೇಳಿಡಿ.

ನಮಸ್ಕಾರ.