ಒಂಟಿ ಕೊಳಲಿಗೆ ಜೊತೆ ಹುಡುಕಿದವರು

ಎಲ್ಲರಿಗೂ ನಮಸ್ಕಾರ.

ಮಾತಿಗಿಂತ ಮೊದಲು ಈ ಬಿದಿರನ್ನು ನೋಡಿಬಿಡಿ. ಇದು ಶಕುಹಾಚಿ, ಜಪಾನಿನ ಕೊಳಲು. ಇವತ್ತಿನ ಮಾತು ಇದನ್ನು ನುಡಿಸಿದ, ಇದಕ್ಕಾಗಿ ಬರೆದ ಹೊಜಾನ್ ಯಮಾಮೊಟೊ ಅವರ ಬಗ್ಗೆ. ಮುಂದಿನ ಸಾಲಿನವರು ಕೈಯಲ್ಲಿ ಹಿಡಿದು ನೋಡಿ, ಹಾಗೇ ಹಿಂದಕ್ಕೆ ದಾಟಿಸಿ. ನಮ್ಮ ಕೊಳಲು ಹಿಡಿದು ರೂಢಿ ಇರುವವರಿಗೆ ಇದರ ತೂಕ ನೋಡಿಯೇ ಆಶ್ಚರ್ಯ ಆಗುತ್ತದೆ. ಇದು ಬಿದಿರಿನ ಬುಡ. ಬೇರಿನ ಸಮೇತ ಅಗೆದು ತೆಗೆದದ್ದು. ಕೆಳತುದಿಯಲ್ಲಿ ಬೆರಳಾಡಿಸಿದರೆ ಬೇರು ಸವರಿದ ಗುರುತು ಚುಕ್ಕಿ ಚುಕ್ಕಿಯಾಗಿ ಸಿಗುತ್ತದೆ. ಅಡ್ಡ ಹಿಡಿಯುವ ಹಾಗಿಲ್ಲ, ನೇರ ಹಿಡಿಯಬೇಕು. ಮುಂದೆ ನಾಲ್ಕು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಅಷ್ಟೇ. ಉದ್ದ 1 ಶಕು 8 ಸುನ್, ಅಂದರೆ ಸುಮಾರು 54.5 ಸೆಂಟಿಮೀಟರ್. ಹಾಚಿ ಅಂದರೆ ಎಂಟು. ಅಳತೆಯೇ ವಾದ್ಯದ ಹೆಸರಾಯಿತು.

ಇಪ್ಪತ್ತು ವರ್ಷ ನಮ್ಮ ಕೊಳಲು ನುಡಿಸಿದ್ದ ನನಗೆ ಇದರಿಂದ ಒಂದು ವಾರ ಬರೀ ಗಾಳಿ ಬಂತು. ತುಟಿ ಸ್ವಲ್ಪ ಸರಿದರೂ ಸ್ವರ ಹೋಗಿಬಿಡುತ್ತದೆ. ಎಂಟನೇ ದಿನ ಸಂಜೆ ಷಡ್ಜ ನಿಂತಿತು. ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತಾ ಹೋದೆ. ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ, ಮೇಲಿನ ಸ. ಯಾವ ರಾಗ ಹೇಳಿ? ಶುದ್ಧ ಧನ್ಯಾಸಿ! ಎರಡು ಮನೆ ಶ್ರುತಿಯಲ್ಲಿ, ಅಂದರೆ ಪಾಶ್ಚಾತ್ಯರ ಡಿ ಸ್ವರವೇ ಷಡ್ಜವಾಗಿ, ಶುದ್ಧ ಧನ್ಯಾಸಿ. ಆವತ್ತು ಮೈ ಜುಮ್ಮೆಂದದ್ದು ನನಗೆ ಇನ್ನೂ ನೆನಪಿದೆ.

ಹಾಗಾದರೆ ಉಳಿದ ಸ್ವರಗಳು? ಅವಕ್ಕೆ ಕತ್ತು ಬೇಕು. ಗಲ್ಲವನ್ನು ಕೆಳಗೆ ಇಳಿಸಿದರೆ ಸ್ವರ ಇಳಿಯುತ್ತದೆ, ಅದಕ್ಕೆ ಮೆರಿ ಅನ್ನುತ್ತಾರೆ. ಎತ್ತಿದರೆ ಏರುತ್ತದೆ, ಅದು ಕರಿ. ಗಾಂಧಾರದ ತೂತನ್ನು ಅರ್ಧ ಮುಚ್ಚಿ ಗಲ್ಲ ಇಳಿಸಿದರೆ ಶುದ್ಧ ರಿಷಭ ಬರುತ್ತದೆ. ಬರುವುದು ಮಾತ್ರವಲ್ಲ, ಬಣ್ಣವೇ ಬೇರೆ. ಮಸುಕಾಗಿ, ಮಂಜಿನೊಳಗಿಂದ ಬಂದ ಹಾಗೆ. ಜಪಾನಿನಲ್ಲಿ ಒಂದು ಗಾದೆ ಇದೆ: ಕತ್ತು ಆಡಿಸುವುದಕ್ಕೆ ಮೂರು ವರ್ಷ, ಕೊರೊ ಅನ್ನುವ ಬೆರಳ ಸದ್ದಿಗೆ ಎಂಟು ವರ್ಷ.

ಈ ವಾದ್ಯ ಬಹಳ ಕಾಲ ಒಂಟಿಯಾಗಿತ್ತು. ಝೆನ್ ಬೌದ್ಧರ ಫುಕೆ ಪಂಥದ ಕೊಮುಸೊ ಸನ್ಯಾಸಿಗಳು ತಲೆಯ ಮೇಲೆ ಮುಖ ಪೂರ್ತಿ ಮುಚ್ಚುವ ಬುಟ್ಟಿ ಹಾಕಿಕೊಂಡು, ಇದನ್ನು ಊದುತ್ತಾ ಭಿಕ್ಷೆಗೆ ಹೋಗುತ್ತಿದ್ದರು. ಅವರ ಪಾಲಿಗೆ ಇದು ಧ್ಯಾನದ ಸಾಧನ. ತಾಳ ಇಲ್ಲ, ಪಕ್ಕವಾದ್ಯ ಇಲ್ಲ, ಒಂದು ಉಸಿರು ಮುಗಿದರೆ ಒಂದು ಸಾಲು ಮುಗಿಯಿತು. 1871ರಲ್ಲಿ ಮೇಜಿ ಸರ್ಕಾರ ಆ ಪಂಥವನ್ನೇ ರದ್ದು ಮಾಡಿತು. ಆಮೇಲೆ ಶಕುಹಾಚಿ ಪೂರ್ತಿಯಾಗಿ ಸಂಗೀತಗಾರರ ಕೈಗೆ ಬಂತು. ಕೊಟೊ ಮತ್ತು ಶಮಿಸೆನ್ ಎಂಬ ತಂತಿವಾದ್ಯಗಳ ಜೊತೆ ನುಡಿಸುವ ಪದ್ಧತಿಯೇನೋ ಇತ್ತು. ಆದರೆ ಅಲ್ಲಿ ಅದರ ಕೆಲಸ ಹೆಚ್ಚಾಗಿ ಕೊಟೊದ ರಾಗವನ್ನೇ ಹಿಂಬಾಲಿಸುವುದು. ಜೊತೆ ಸಿಕ್ಕಿತ್ತು, ಸಮಾನ ಜಾಗ ಸಿಕ್ಕಿರಲಿಲ್ಲ.

ಇಂಥ ಹೊತ್ತಿನಲ್ಲಿ ಬಂದವರು ಹೊಜಾನ್ ಯಮಾಮೊಟೊ. ಹುಟ್ಟಿದ್ದು 1937ರಲ್ಲಿ, ಬಿವಾ ಸರೋವರದ ದಡದ ಓತ್ಸು ಊರಿನಲ್ಲಿ. ಕಲಿತದ್ದು ತೊಜಾನ್ ಪರಂಪರೆ. ಇದು 1896ರಲ್ಲಿ ನಕಾವೊ ತೊಜಾನ್ ಅವರು ಒಸಾಕಾದಲ್ಲಿ ಕಟ್ಟಿದ್ದು. ಇನ್ನೊಂದು ದೊಡ್ಡ ಮನೆತನ ಕಿಂಕೊ. ಎರಡಕ್ಕೂ ಸ್ವರದ ಹೆಸರು ಕೂಡ ಪೂರ್ತಿ ಒಂದೇ ಅಲ್ಲ. ಒಬ್ಬರು ರೊ, ತ್ಸು, ರೆ, ಚಿ, ಹ ಅಂದರೆ ಇನ್ನೊಬ್ಬರು ಕೊನೆಗೆ ರಿ ಅನ್ನುತ್ತಾರೆ. ನಮ್ಮಲ್ಲೂ ಬಾನಿಗಳ ನಡುವೆ ಎಂಥ ಗೋಡೆ ಇರುತ್ತದೆ ಅಂತ ಇಲ್ಲಿ ಕೂತವರಿಗೆ ಗೊತ್ತು, ಅಲ್ವಾ? ಯಮಾಮೊಟೊ 1964ರಲ್ಲಿ ಕಿಂಕೊ ಕಡೆಯ ಅಓಕಿ ರೇಯಿಬೊ ಮತ್ತು ಕತ್ಸುಯಾ ಯೊಕೊಯಾಮಾ ಅವರ ಜೊತೆ ಸೇರಿ ಸಾನ್‌ಬೊನ್‌ಕಾಯ್ ಎಂಬ ಗುಂಪು ಮಾಡಿದರು. ಮೂರು ಕೊಳಲಿನ ಕೂಟ ಅಂತ ಅರ್ಥ. ಮೂರು ಶಕುಹಾಚಿ ಒಟ್ಟಿಗೆ ನುಡಿಸಲು ಹೊಸ ಕೃತಿಗಳು ಬೇಕಲ್ಲ? ಹಳೆಯದರಲ್ಲಿ ಸಿಗದಿದ್ದನ್ನು ಬರೆಯಬೇಕಾಯಿತು, ಬರೆಸಬೇಕಾಯಿತು.

ಅವರು ವಾದಕರಾಗಿ ಹೆಸರಾದವರು, ಸಂಯೋಜನೆ ಅವರ ಪಕ್ಕದ ಕೆಲಸ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರ 'ಇಚಿಕೊತ್ಸು' ಕೃತಿ ತೆಗೆದುಕೊಳ್ಳಿ. ಶಕುಹಾಚಿ, ಕೊಟೊ, ಹದಿನೇಳು ತಂತಿಯ ಮಂದ್ರ ಕೊಟೊ, ಈ ಮೂರಕ್ಕೆ ಬರೆದದ್ದು. ಇಚಿಕೊತ್ಸು ಎಂಬುದು ಜಪಾನಿನ ಹಳೆಯ ಆಸ್ಥಾನ ಸಂಗೀತದಲ್ಲಿ ಒಂದು ಸ್ವರಸ್ಥಾನದ ಹೆಸರು. ಅದು ನಾನು ಆಗ ಹೇಳಿದ ಎರಡು ಮನೆ ಷಡ್ಜ. ಎಲ್ಲ ತೂತು ಮುಚ್ಚಿದರೆ ಈ ಕೊಳಲು ಕೊಡುವ ಮೊದಲ ಸ್ವರ! ಆ ಹೆಸರಿಟ್ಟವರು ತಮ್ಮ ವಾದ್ಯದ ಬುಡದಲ್ಲಿ ನಿಂತೇ ಯೋಚನೆ ಮಾಡಿದ್ದಾರೆ.

ಅದೇ 1964ರಲ್ಲಿ ಅಮೆರಿಕದ ಕ್ಲಾರಿನೆಟ್ ವಾದಕ ಟೋನಿ ಸ್ಕಾಟ್, ಕೊಟೊ ವಾದಕ ಶಿನಿಚಿ ಯುಯಿಜೆ ಮತ್ತು ಯಮಾಮೊಟೊ ಟೋಕಿಯೊದಲ್ಲಿ ಕೂತು ಒಂದು ಧ್ವನಿಮುದ್ರಿಕೆ ಮಾಡಿದರು. ಮುಂಚೆ ಬರೆದುಕೊಂಡಿರಲಿಲ್ಲ, ಒಬ್ಬರನ್ನೊಬ್ಬರು ಕೇಳುತ್ತಾ ನುಡಿಸಿದ್ದು.

1967ರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಆ ವರ್ಷ ಶಕುಹಾಚಿ ಅಮೆರಿಕದ ಎರಡು ದೊಡ್ಡ ವೇದಿಕೆ ಹತ್ತಿತು. ಬೇಸಿಗೆಯಲ್ಲಿ ನ್ಯೂಪೋರ್ಟ್ ಜಾಜ್ ಉತ್ಸವ. ನೊಬುವೊ ಹಾರಾ ಅವರ ಬಿಗ್ ಬ್ಯಾಂಡ್ ಜೊತೆ ಯಮಾಮೊಟೊ ನುಡಿಸಿದರು. ಸಾಲು ಸಾಲು ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್, ಅವುಗಳ ಮುಂದೆ ಈ ಒಂದು ಬಿದಿರು. ನವೆಂಬರ್‌ನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ಎದುರು ಯಮಾಮೊಟೊ ಅವರ ಗೆಳೆಯ ಯೊಕೊಯಾಮಾ, ಬಿವಾ ಎಂಬ ತಂತಿವಾದ್ಯ ನುಡಿಸುವ ಕಿನ್‌ಶಿ ತ್ಸುರುತಾ ಜೊತೆ ಸಂಯೋಜಕ ತೊರು ತಾಕೆಮಿತ್ಸು ಅವರ 'ನವೆಂಬರ್ ಸ್ಟೆಪ್ಸ್' ನುಡಿಸಿದರು. ಸೈಜಿ ಒಜಾವಾ ನಿರ್ದೇಶನ. ತಾಕೆಮಿತ್ಸು ಜಪಾನಿ ವಾದ್ಯಗಳನ್ನು ಪಾಶ್ಚಾತ್ಯ ವಾದ್ಯವೃಂದದಲ್ಲಿ ಬೆರೆಸಲು ಹೋಗಲಿಲ್ಲ. ಎರಡನ್ನೂ ಬೇರೆ ಬೇರೆಯೇ ನಿಲ್ಲಿಸಿದರು. ಅದು ದೊಡ್ಡ ಕೃತಿ, ಅನುಮಾನ ಬೇಡ. ಆದರೆ ನನ್ನ ಮನಸ್ಸು ಯಮಾಮೊಟೊ ಕಡೆಗೇ ವಾಲುತ್ತದೆ. ದೂರ ನಿಂತು ಗೌರವ ಉಳಿಸಿಕೊಳ್ಳಬಹುದು. ಒಂದೇ ಜಮಖಾನೆಯ ಮೇಲೆ ಕೂತು, ಎದುರಿನವರ ಲಯಕ್ಕೆ ಕಿವಿಗೊಟ್ಟು, ತನ್ನ ದನಿ ಬಿಡದೆ ನುಡಿಸುವುದು ಇನ್ನೂ ಕಷ್ಟ.

ಆ ಕಷ್ಟ ಏನು ಅಂತ ಯಮಾಮೊಟೊ ಅವರ 1970ರ 'ಗಿಂಕಾಯ್' ಮುದ್ರಿಕೆ ಕೇಳಿದರೆ ತಿಳಿಯುತ್ತದೆ. ಹಿಮ ಬಿದ್ದು ಎಲ್ಲ ಬೆಳ್ಳಗಾದ ನೋಟಕ್ಕೆ ಜಪಾನಿನಲ್ಲಿ ಗಿಂಕಾಯ್, ಬೆಳ್ಳಿ ಲೋಕ, ಅನ್ನುತ್ತಾರೆ. ಪಿಯಾನೊ ಮಸಬುಮಿ ಕಿಕುಚಿ, ಬೇಸ್ ಗ್ಯಾರಿ ಪೀಕಾಕ್, ಡ್ರಮ್ಸ್ ಹಿರೋಶಿ ಮುರಾಕಾಮಿ. ಪಿಯಾನೊದಲ್ಲಿ ಸ್ವರ ಅಲುಗುವುದಿಲ್ಲ, ಕಟ್ಟಿದ ಜಾಗದಲ್ಲೇ ಇರುತ್ತದೆ. ಶಕುಹಾಚಿಯ ಸ್ವರ ಜಾರುತ್ತದೆ, ನಡುಗುತ್ತದೆ, ಕೆಲವೊಮ್ಮೆ ಮುರಾಯ್ಕಿ ಎಂಬ ಗಾಳಿಯ ಸ್ಫೋಟವಾಗಿ ಒಡೆಯುತ್ತದೆ. ಇವೆರಡೂ ಹೇಗೆ ಕೂಡುತ್ತವೆ? ಪಿಯಾನೊ ಜಾಗ ಬಿಡುತ್ತದೆ, ಶಕುಹಾಚಿ ಆ ಜಾಗವನ್ನು ತುಂಬಿಸದೆ ಬಿಡುತ್ತದೆ. ಎರಡು ಸ್ವರದ ನಡುವಿನ ಈ ಖಾಲಿಗೆ ಜಪಾನಿಯರು ಮಾ ಅನ್ನುತ್ತಾರೆ. ಅದು ಸುಮ್ನೆ ಇರುವ ಹೊತ್ತಲ್ಲ. ಆ ಹೊತ್ತೂ ಸಂಗೀತದ ಪಾಲು. ಡ್ರಮ್ಸ್ ಇರುವ ಜಾಜ್ ಕೂಟದೊಳಗೂ ಅವರು ಆ ಖಾಲಿಯನ್ನು ಕಾಪಾಡಿಕೊಂಡರು.

ನಮ್ಮ ದೇಶದ ಜೊತೆಗೂ ಅವರಿಗೆ ನಂಟಿದೆ. 1978ರಲ್ಲಿ ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲ್ಲಾ ರಖಾ ಅವರೊಂದಿಗೆ, ಕೊಟೊ ವಾದಕ ಸುಸುಮು ಮಿಯಾಶಿತಾ ಅವರೂ ಸೇರಿ 'ಈಸ್ಟ್ ಗ್ರೀಟ್ಸ್ ಈಸ್ಟ್' ಮುದ್ರಿಕೆ ಹೊರಬಂತು. ನಮ್ಮ ಸಂಗೀತಕ್ಕೆ ಖಾಲಿ ಅಂದರೆ ಅಷ್ಟಾಗಿ ಆಗುವುದಿಲ್ಲ. ಮೀಟು ನಿಂತ ಮೇಲೂ ಸಿತಾರಿನ ತರಪ್ ತಂತಿಗಳು ಗುಂಯ್‌ಗುಡುತ್ತಲೇ ಇರುತ್ತವೆ. ಜಾಜ್‌ಗಿಂತ ಈ ಜೊತೆಯೇ ಶಕುಹಾಚಿಗೆ ಜಾಸ್ತಿ ಕಷ್ಟ ಅಂತ ನನ್ನ ಭಾವನೆ. ಆದರೂ ಒಂದು ಕಡೆ ಸುಲಭ: ಸಿತಾರಿನ ಮೀಂಡ್, ಈ ಕೊಳಲಿನ ಮೆರಿ, ಎರಡೂ ಸ್ವರವನ್ನು ಬಾಗಿಸುತ್ತವೆ. ಒಂದು ಕಡೆ ತಂತಿ ಎಳೆಯುವುದು, ಇನ್ನೊಂದು ಕಡೆ ಕತ್ತು ಬಗ್ಗಿಸುವುದು.

ಮುಂದೆ ಅವರು ಟೋಕಿಯೊ ಕಲಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 2002ರಲ್ಲಿ ಜಪಾನ್ ಸರ್ಕಾರ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಎಂದು ಗೌರವಿಸಿತು. ಬಿಗ್ ಬ್ಯಾಂಡ್ ಮುಂದೆ ನಿಂತು ಊದಿದವರನ್ನೇ ಪರಂಪರೆಯ ಕಾವಲುಗಾರ ಅಂತ ಒಪ್ಪಿಕೊಂಡದ್ದು ನನಗೆ ತುಂಬಾ ಸಂತೋಷ ಕೊಟ್ಟ ಸಂಗತಿ. 2014ರ ಫೆಬ್ರವರಿಯಲ್ಲಿ ತೀರಿಕೊಂಡರು.

ಕೊಳಲು ಹಿಂದಿನ ಸಾಲು ಮುಟ್ಟಿತಾ? ಸರಿ, ಅಲ್ಲೇ ಇರಲಿ. ಈಗ 'ಗಿಂಕಾಯ್' ಹಾಕುತ್ತೇನೆ. ದಯವಿಟ್ಟು ಯಾರಾದರೂ ಫ್ಯಾನ್ ಆಫ್ ಮಾಡಿ. ಸ್ವರಕ್ಕೆ ಮುಂಚೆ ಬರುವ ಉಸಿರೂ ನಿಮಗೆ ಕೇಳಿಸಬೇಕು.