ಪಾಪ್ಲೆಟ್ ಬಿಡಿ, ಕಿವಿರು ಎತ್ತಿ ನೋಡಿ

ನಮಸ್ಕಾರ ರೀ. ಇವತ್ತು ಒಲೆ ಹಚ್ಚಿಲ್ಲ, ಅಡುಗೆ ಇಲ್ಲ. ಬರೀ ಮಾತು. ಯಾಕಂದ್ರೆ ನಮ್ಮ ಕಾಟ್ಲಾ ಸಾರಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಹೊಳೆ ಮೀನು ಯಾರು ತಿಂತಾರೆ? ಬಾಗಲಕೋಟೆಯಲ್ಲಿ ಒಳ್ಳೆ ಪಾಪ್ಲೆಟ್ ಎಲ್ಲಿ ಸಿಗುತ್ತೆ, ಅದನ್ನು ಹೇಳಿ." ಅದಕ್ಕೆ ರಾಶಿ ಲೈಕ್ ಬೇರೆ.

ಓದಿ ಸಿಟ್ಟು ಬಂತು. ಪಾಪ್ಲೆಟ್ ಅನ್ನುವ ಸಮುದ್ರ ಮೀನಿನ ಮೇಲೆ ನನಗೇನೂ ದ್ವೇಷ ಇಲ್ಲ. ಹೆಸರು ಹಿಡಿದುಕೊಂಡು ಮೀನು ಕೊಳ್ಳಲು ಹೋಗುವ ಚಟ ಇದೆಯಲ್ಲ, ಅದರ ಮೇಲೆ ಸಿಟ್ಟು. ಮನೆಯಿಂದ ಹೊರಡುವಾಗಲೇ "ಇವತ್ತು ಸುರಮಾಯಿ" ಅಂತ ತೀರ್ಮಾನ ಆಗಿರುತ್ತದೆ. ಸಂತೆಯಲ್ಲಿ ಅದು ಎಂಥ ಸ್ಥಿತಿಯಲ್ಲಿದ್ದರೂ ಚೀಲಕ್ಕೆ ಬೀಳುತ್ತದೆ. ಹಾಗೆ ಮಾಡಬೇಡಿ. ಬರಿಗೈಯಲ್ಲಿ, ಬರಿ ಮನಸ್ಸಲ್ಲಿ ಹೋಗಿ. ಇವತ್ತು ಬೆಳಿಗ್ಗೆ ನೀರಿಂದ ಎದ್ದು ಬಂದದ್ದು ಯಾವುದೋ ಅದನ್ನು ತನ್ನಿ. ಗೊತ್ತಾಗುವುದು ಹೇಗೆ? ಕಿವಿರು ಎತ್ತಿ ನೋಡಿ.

ನಾವು ಎಲ್ಲಿ ಕೂತಿದ್ದೇವೆ ಸ್ವಲ್ಪ ಯೋಚಿಸಿ. ಕಾರವಾರದಿಂದ ನಮ್ಮ ಬಾಗಲಕೋಟೆಗೆ ಹತ್ತಿರ ಹತ್ತಿರ 300 ಕಿಲೋಮೀಟರ್. ಅದು ರಸ್ತೆಯ ಲೆಕ್ಕ ಮಾತ್ರ. ಆಳ ಸಮುದ್ರಕ್ಕೆ ಹೋದ ಬೋಟು ಎಷ್ಟೋ ದಿನ ಕಡಲಲ್ಲೇ ಇರುತ್ತದೆ. ಮೊದಲ ದಿನ ಬಲೆಗೆ ಬಿದ್ದ ಮೀನಿನ ವಯಸ್ಸು ನೀವೇ ಲೆಕ್ಕ ಹಾಕಿ. ಇನ್ನೊಂದು ಮಾತು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಷಾಢದ ಮಳೆಯಲ್ಲಿ ನಿಮ್ಮ ತಟ್ಟೆಗೆ ದಪ್ಪ ಪಾಪ್ಲೆಟ್ ಬಂತು ಅಂದ್ರೆ ಅದು ಬಹುತೇಕ ಪೂರ್ವ ಕರಾವಳಿಯಿಂದ ಬಂದಿರಬೇಕು, ಇಲ್ಲ ಕೋಲ್ಡ್ ಸ್ಟೋರೇಜಿನಿಂದ ಎದ್ದಿರಬೇಕು.

ಇತ್ತ ಮನೆ ಬಾಗಿಲಲ್ಲಿ ಕೃಷ್ಣೆ ನಿಂತಿದ್ದಾಳೆ. ಆಲಮಟ್ಟಿ ಅಣೆಕಟ್ಟು 519.60 ಮೀಟರಿಗೆ ತುಂಬಿದಾಗ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಹಳೆ ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ನೀರಲ್ಲಿ ಮುಳುಗಿದ ಮನೆ, ಓಣಿ ಬಿಟ್ಟು ನವನಗರಕ್ಕೆ ಬಂದ ಜನ ನಾವು. ಊರು ಕೊಟ್ಟು ಪಡೆದ ನೀರು ಅದು. ಆ ನೀರಲ್ಲಿ ಬೆಳೆದ ಕಾಟ್ಲಾ, ರೋಹು, ಮೃಗಾಲ ರಾತ್ರಿ ಬಲೆಗೆ ಬಿದ್ದು ಬೆಳಿಗ್ಗೆ ತೆಪ್ಪದಲ್ಲಿ ದಡಕ್ಕೆ ಬರುತ್ತದೆ. ಕೊರ್ತಿ-ಕೊಲ್ಹಾರ ಸೇತುವೆ ದಾಟುವಾಗ ಗಾಡಿ ನಿಲ್ಲಿಸಿ ಕೆಳಗೆ ನೋಡಿ, ತೆಪ್ಪ ಕಾಣುತ್ತದೆ. ಅದನ್ನು ಬಿಟ್ಟು ಐಸ್ ಪೆಟ್ಟಿಗೆ ಹುಡುಕಿಕೊಂಡು ಹೋಗುತ್ತೀರಲ್ಲ ರೀ!

ಹಾಗಂತ ರೋಹು ಅಂದ ಕೂಡಲೇ ಹೊಳೆಯದ್ದು ಅಂತ ನಂಬಬೇಡಿ. ಆಂಧ್ರದ ಕೆರೆಗಳಲ್ಲಿ ಸಾಕಿದ ರೋಹು, ಕಾಟ್ಲಾ ಕೂಡ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಲಾರಿ ಹತ್ತಿ ಊರೂರಿಗೆ ಬರುತ್ತದೆ. ಹೆಸರು ಅದೇ, ಹುರುಪೆ ಅದೇ. ವಯಸ್ಸು ಬೇರೆ. ಅದಕ್ಕೇ ನಾನು ಬಡಕೊಳ್ಳುವುದು, ಹೆಸರು ಬಿಡಿ, ಕಿವಿರು ನೋಡಿ.

ಈಗ ಸರಿಯಾಗಿ ಕೇಳಿಸಿಕೊಳ್ಳಿ. ತಲೆಯ ಪಕ್ಕ ಗಟ್ಟಿ ಮುಚ್ಚಳ ಇರುತ್ತದೆ. ಹೆಬ್ಬೆರಳು ಹಾಕಿ ಎತ್ತಿ. ತಾಜಾ ಇದ್ದರೆ ಒಳಗಿನ ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಇರುತ್ತವೆ, ಬಣ್ಣ ಕಡುಗೆಂಪು. ಮೇಲೆ ತೆಳು ಲೋಳೆ, ನೀರಿನಷ್ಟು ತಿಳಿ. ಮೂಗಿನ ಹತ್ತಿರ ತಂದರೆ ಹೊಳೆ ದಂಡೆಯ ವಾಸನೆ. ಹಳೆಯದಾದರೆ ಕೆಂಪು ಇಳಿದು ಕಂದು, ಆಮೇಲೆ ಬೂದಿ ಬಣ್ಣ. ಲೋಳೆ ದಪ್ಪಗಾಗಿ ಬೆರಳಿಗೆ ನೂಲಿನಂತೆ ಎಳೆಯುತ್ತದೆ. ಹುಳಿ ಹುಳಿ ನಾತ. ಅಲ್ಲೇ ಇಟ್ಟು ಮುಂದೆ ಹೋಗಿ.

"ಕಣ್ಣು ನೋಡಿದರೆ ಸಾಕು" ಅನ್ನುವವರು ಇದ್ದಾರೆ. ಸಾಲದು! ಐಸ್‌ಗೆ ತಾಗಿ ಒಳ್ಳೆ ಮೀನಿನ ಕಣ್ಣೂ ಮಂಜಾಗುತ್ತದೆ. ಕಣ್ಣು ನೋಡಿ, ಬೇಡ ಅನ್ನಲ್ಲ. ಹೊಟ್ಟೆಯ ಮೇಲೆ ಬೆರಳು ಒತ್ತಿ, ಗುಳಿ ಹಾಗೇ ಉಳಿದರೆ ಬಿಡಿ. ಆದರೆ ಮೊದಲು ಕಿವಿರು.

ನವನಗರದ ಸಂತೆಯಲ್ಲಿ ನಾನು ಮೀನು ತರುವ ಅಕ್ಕ ಒಬ್ಬರಿದ್ದಾರೆ. ನಾನು ಕೈ ಹಾಕುವ ಮೊದಲೇ ಅವರೇ ಎತ್ತಿ ತೋರಿಸುತ್ತಾರೆ. "ನೋಡ್ರಿ ತಮ್ಮಾ, ನಸುಕಿನ್ಯಾಗ ಬಂದದ್ದು." ಅಂಥವರ ಹತ್ತಿರ ಚೌಕಾಸಿ ಮಾಡಬೇಡಿ. ಮುಟ್ಟಲು ಬಿಡದೆ "ತಗೊಳ್ಳೋದಾದ್ರೆ ತಗೊಳ್ರಿ" ಅಂತ ರೇಗುವವರ ಹತ್ತಿರ ನಿಲ್ಲಲೂ ಬೇಡಿ. ಹಾಂ, ಅಕ್ಕನ ಜೊತೆ ಮಾಡಿದ ವಿಡಿಯೋ ನಮ್ಮ ಚಾನೆಲ್‌ನಲ್ಲೇ ಇದೆ, ನೋಡದವರು ನೋಡಿ, ಮನೆಯವರಿಗೂ ಕಳಿಸಿ.

ಇನ್ನು ಆಕ್ಷೇಪಗಳಿಗೆ ಬರೋಣ. ಹೊಳೆ ಮೀನು ಮಣ್ಣು ವಾಸನೆ ಅಂತೆ. ನೀರಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಅನ್ನುವ ವಸ್ತು ಬಿಡುತ್ತವೆ, ಆ ವಾಸನೆ ಅದರದ್ದು. ಹುಳಿ ಬಿದ್ದರೆ ಅದು ಮುರಿಯುತ್ತದೆ. ಉಪ್ಪು ಹಚ್ಚಿ, ಹುಣಸೆ ರಸದಲ್ಲಿ ಅರ್ಧ ಗಂಟೆ ಇಟ್ಟು ತೊಳೆಯಿರಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದೇ ಅಲ್ವಾ? ಮುಳ್ಳು ಜಾಸ್ತಿ ಅಂತೆ. ಮೂರು ಕೆಜಿ ಮೇಲಿನ ಕಾಟ್ಲಾ ತನ್ನಿ, ಮುಳ್ಳು ಕಣ್ಣಿಗೇ ಕಾಣುತ್ತದೆ. ಅದೂ ಬೇಡವಾ, ಕೊರವ ಮೀನು ತನ್ನಿ. ಬಕೆಟ್‌ನಲ್ಲಿ ಜೀವಂತ ಸಿಗುತ್ತದೆ, ಮುಳ್ಳೂ ಕಡಿಮೆ.

"ಚೆನ್ನಾಗಿ ಕರಿದರೆ ಎಲ್ಲ ಸರಿಹೋಗುತ್ತೆ" ಅನ್ನುವ ಮಾತಿದೆಯಲ್ಲ, ಅದು ಅಪಾಯದ ಮಾತು. ಬಾಂಗಡೆಯಂಥ ಮೀನು ಐಸ್ ಇಲ್ಲದೆ ಸೆಕೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಕುದಿಸಿದರೂ ಹೋಗಲ್ಲ, ಕರಿದರೂ ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈಮೇಲೆ ದದ್ದು ಏಳುತ್ತದೆ. ನಮ್ಮ ಏಪ್ರಿಲ್ ಬಿಸಿಲು ಎಂಥದ್ದು ಅಂತ ನಿಮಗೆ ಗೊತ್ತು. ಆ ಬಿಸಿಲಲ್ಲಿ ತೆರೆದ ಬುಟ್ಟಿಯ ಬಾಂಗಡೆ ಕೊಂಡು ಮಕ್ಕಳಿಗೆ ಹಾಕಬೇಡಿ, ಕೈ ಮುಗಿದು ಹೇಳುತ್ತೇನೆ.

ಕೊಯ್ದ ತುಂಡು ತರುವವರಿಗೆ ನಾನು ಏನು ಹೇಳಲಿ? ತಲೆಯೇ ಇಲ್ಲದ ಮೀನಿಗೆ ಕಿವಿರು ಎಲ್ಲಿಂದ ಬರಬೇಕು? ಇಡೀ ಮೀನು ನೋಡಿ, ಕಿವಿರು ಎತ್ತಿ, ಒಪ್ಪಿಗೆಯಾದ ಮೇಲೆ ಕಣ್ಣೆದುರೇ ಕೊಯ್ಸಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ ಬಿಡಿ. ತಲೆ ಬಿಸಾಡಬೇಡಿ ಮತ್ತೆ. ಕಾಟ್ಲಾ ತಲೆಯ ಸಾರಿಗೆ ಬಿಸಿ ಜೋಳದ ರೊಟ್ಟಿ ಮುರಿದು ಹಾಕಿ ತಿಂದವರು ಪಾಪ್ಲೆಟ್ ವಿಳಾಸ ಕೇಳಲ್ಲ.

ನಿಮ್ಮ ದುಡ್ಡು, ನಿಮ್ಮ ಹೊಟ್ಟೆ, ನಿಜ. ಆದರೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ. ಸಮುದ್ರದ್ದಾಗಲಿ, ಹೊಳೆಯದ್ದಾಗಲಿ, ಅಂಗಡಿಯವನು ನಿಮ್ಮ ಸೋದರಮಾವನೇ ಆಗಿರಲಿ, ಕಿವಿರು ಎತ್ತಿ ನೋಡಿ! ಎತ್ತದೆ ದುಡ್ಡು ಕೊಡಬೇಡಿ!

ಮುಂದಿನ ವಿಡಿಯೋದಲ್ಲಿ ಕೊರವ ಮೀನು, ಗುರೆಳ್ಳು ಪುಡಿ ಹಾಕಿ. ಸಬ್‌ಸ್ಕ್ರೈಬ್ ಆಗದವರು ಆಗಿ, ಬೆಲ್ ಒತ್ತಿ. ಬೀಳಗಿ, ಕೊಲ್ಹಾರ, ಆಲಮಟ್ಟಿ ಕಡೆಯವರು ನಿಮ್ಮೂರ ದಡಕ್ಕೆ ತೆಪ್ಪ ಎಷ್ಟು ಗಂಟೆಗೆ ಬರುತ್ತದೆ ಅಂತ ಕೆಳಗೆ ಬರೆಯಿರಿ, ಕ್ಯಾಮೆರಾ ಹಿಡಿದುಕೊಂಡು ಅಲ್ಲಿಗೇ ಬರುತ್ತೇವೆ.