ಸುತ್ತಿಗೆ ಆಮೇಲೆ, ಮೊದಲು ಬೆಂಕಿ ನೋಡಿ

ಚಾಕು ಮಾಡಬೇಕು ಅಂತ ಹೊರಟವರ ಕಣ್ಣು ಮೊದಲು ಸುತ್ತಿಗೆ ಮೇಲೇ ಇರುತ್ತದೆ. ನನ್ನದೂ ಹಾಗೇ ಇತ್ತು. ಎಷ್ಟು ತೂಕದ್ದು ತಗೊಳ್ಳಲಿ, ಅಡೆಗಲ್ಲು ಎಂಥದ್ದಿರಬೇಕು, ಬರೀ ಇದೇ ಯೋಚನೆ. ನಾಲ್ಕು ಅಲಗು ಮಾಡಿದ್ದೇನೆ, ಅದರಲ್ಲಿ ಮೂರು ಕೆಟ್ಟಿವೆ, ಮೂರೂ ಕೆಟ್ಟಿದ್ದು ಬಡಿತದಿಂದ ಅಲ್ಲ.

ಬಡಿಯುವಾಗ ತಪ್ಪು ಆಗುತ್ತದೆ, ಅದು ಬೇರೆ ಮಾತು. ಬಾಯಿ ಕಡೆ, ಅಂದರೆ ಹರಿತ ಆಗಬೇಕಾದ ಅಂಚಿನ ಕಡೆ, ಬಡಿದು ತೆಳು ಮಾಡುತ್ತಾ ಹೋದರೆ ಆ ಕಡೆ ಉದ್ದವಾಗಿ ಅಲಗು ಬೆನ್ನಿನ ಕಡೆಗೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಮೊದಲ ಸಲ ನೋಡಿದಾಗ ಗಾಬರಿ ಆಯಿತು. ಆದರೆ ಮತ್ತೆ ಕಾಯಿಸಿ, ಮರದ ದಿಮ್ಮಿ ಮೇಲಿಟ್ಟು ನಿಧಾನಕ್ಕೆ ತಟ್ಟಿದರೆ ನೇರ ಆಗುತ್ತದೆ. ಬೆಂಕಿಯಲ್ಲಿ ಮಾಡಿದ ತಪ್ಪು ಹಾಗಲ್ಲ, ಎಷ್ಟೋ ಸಲ ಆ ತುಂಡನ್ನೇ ಬಿಡಬೇಕಾಗುತ್ತದೆ.

ಮೊದಲನೆಯದನ್ನು ಮಾಡಿದ್ದು ಸುಮ್ನೆ ಬಿದ್ದಿದ್ದ ಒಂದು ಕಬ್ಬಿಣದ ಸರಳಿನಿಂದ. ಆಕಾರ ಚೆನ್ನಾಗಿಯೇ ಬಂತು, ಹರಿತ ಮಾತ್ರ ನಿಲ್ಲಲೇ ಇಲ್ಲ. ನಿಲ್ಲುವುದಾದರೂ ಹೇಗೆ? ಅದು ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು. ಅದರಲ್ಲಿ ಕಾರ್ಬನ್ ಶೇಕಡಾ 0.25ಕ್ಕಿಂತ ಜಾಸ್ತಿ ಇರುವುದಿಲ್ಲ, ಚಾಕುವಿಗೆ ಅದು ಸಾಲದು. ಗುಜರಿಯಲ್ಲಿ ಸಿಕ್ಕಿದ್ದರಿಂದಲೇ ಶುರು ಮಾಡಿ ಅಂತ ಹೊಸಬರಿಗೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಯಾವ ಉಕ್ಕು ಅಂತ ಗೊತ್ತಿಲ್ಲದಿದ್ದರೆ, ಕೆಟ್ಟಾಗ ತಪ್ಪು ಕೈಯದೋ ಉಕ್ಕಿನದೋ ಹೇಗೆ ಗೊತ್ತಾಗಬೇಕು? ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಸತುವಿನ ಲೇಪ ಇರುವ ಕಬ್ಬಿಣವನ್ನಂತೂ ಕುಲುಮೆಗೆ ಹಾಕಲೇಬೇಡಿ, ಆ ಹೊಗೆ ವಿಷ. 1084 ಅನ್ನುವ ನಂಬರಿನ ಉಕ್ಕು ಅಂತ ಹೇಳಿ ಕೇಳಿ ಒಂದು ಪಟ್ಟಿ ತನ್ನಿ. ಕಾರ್ಬನ್ ಸುಮಾರು ಶೇಕಡಾ 0.84, ಹೊಸಬರ ಕೈಗೆ ಬಗ್ಗುವ ಉಕ್ಕು ಅದು.

ಎರಡನೆಯದು ಸುಟ್ಟೇ ಹೋಯಿತು. ಜಾಸ್ತಿ ಕಾಯಿಸಿದರೆ ಬೇಗ ಬಗ್ಗುತ್ತದೆ ಅಂದುಕೊಂಡು ಬಿಟ್ಟೆ, ತೆಗೆದಾಗ ತುದಿಯಿಂದ ಮತಾಪಿನ ಹಾಗೆ ಕಿಡಿ ಹಾರುತ್ತಿತ್ತು. ಹಾಗೆ ಸುಟ್ಟ ಉಕ್ಕು ಮತ್ತೆ ಸರಿ ಹೋಗುವುದಿಲ್ಲ, ಅಷ್ಟು ಭಾಗ ಕತ್ತರಿಸಿ ಎಸೆಯಬೇಕು. ಅದೇ ಮಂಕು ಕೆಂಪಿಗೆ ಇಳಿದ ಮೇಲೂ ಬಡಿಯುತ್ತಾ ಹೋದರೆ ಬಿರುಕು ಬಿಡುತ್ತದೆ. ಈ ಎರಡರ ನಡುವಿನ ಬಣ್ಣ ಕಣ್ಣಿಗೆ ಕೂರಬೇಕು, ಅದಕ್ಕೆ ನೆರಳಲ್ಲಿ ಕೆಲಸ ಮಾಡಿ. ಬಿಸಿಲಲ್ಲಿ ಎಲ್ಲ ಕೆಂಪೂ ಒಂದೇ ಥರ ಕಾಣುತ್ತದೆ.

ಮೂರನೆಯದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಲ್ಲ ಸರಿಯಾಗಿತ್ತು. ಗಟ್ಟಿಯಾಗಲಿ ಅಂತ ಕಾಯಿಸಿ ನೀರಿಗೆ ಅದ್ದಿದೆ, ಟಿಕ್ ಅಂತ ಒಂದು ಸದ್ದು. ಅಷ್ಟೇ, ಬಾಯಿಯಿಂದ ಬೆನ್ನಿನವರೆಗೆ ಸೀಳು. ನೀರು ಅಷ್ಟು ಬೇಗ ತಣಿಸುತ್ತದೆ, ತೆಳು ಅಲಗು ತಡೆಯುವುದಿಲ್ಲ.

ನಾಲ್ಕನೆಯದಕ್ಕೆ ಆತುರ ಮಾಡಲಿಲ್ಲ. ಬಡಿದು ಮುಗಿದ ಮೇಲೆ ಮೂರು ಸಲ ಕಾಯಿಸಿ ಗಾಳಿಯಲ್ಲೇ ಆರಲು ಬಿಟ್ಟೆ, ಒಳಗಿನ ಬಿಗಿ ಹೋಗಲಿ ಅಂತ. ಬಾಯಿಯನ್ನು ಪೂರ್ತಿ ಚೂಪು ಮಾಡದೆ ಒಂದೂವರೆ ಮಿಲಿಮೀಟರ್ ದಪ್ಪ ಉಳಿಸಿಕೊಂಡೆ. ಆಮೇಲೆ ಪಕ್ಕದಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಕಾಯಿಸಿದೆ. ಸುಮಾರು 770 ಡಿಗ್ರಿಗೆ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಒಂಚೂರು ಮೇಲೆ, ಅಂದರೆ 815ರ ಹತ್ತಿರ, ಒಂದೇ ಒಂದು ಛಾಯೆ ಜಾಸ್ತಿ. ತೆಗೆದು ತಕ್ಷಣ 50 ಡಿಗ್ರಿಗೆ ಬೆಚ್ಚಗೆ ಮಾಡಿದ್ದ ಎಣ್ಣೆಗೆ ನೇರವಾಗಿ ಇಳಿಸಿದೆ. ಎಣ್ಣೆಗೆ ಬೆಂಕಿ ಹತ್ತಬಹುದು, ಮುಚ್ಚಳ ಕೈಗೆ ಸಿಗುವ ಹಾಗಿರಲಿ.

ಆರಿದ ಮೇಲೆ ಅರ ತಗೊಂಡು ಬಾಯಿ ಮೇಲೆ ಎಳೆದೆ. ಕಚ್ಚಲಿಲ್ಲ, ಗಾಜಿನ ಮೇಲೆ ಎಳೆದ ಹಾಗೆ ಜಾರಿಕೊಂಡು ಹೋಯಿತು, ಅಂದರೆ ಅಲಗು ಗಟ್ಟಿಯಾಗಿತ್ತು. ಎದೆ ಡವಡವ ಅನ್ನುತ್ತಿತ್ತು. ಆದರೆ ಆ ಸ್ಥಿತಿಯಲ್ಲಿ ಕೈಜಾರಿ ಬಿದ್ದರೆ ಒಡೆದೇ ಹೋಗಬಹುದು, ಹಾಗಾಗಿ ಅವತ್ತೇ ಓವನ್ನಿನಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆ, ಎರಡು ಸಲ ಇಟ್ಟೆ. ಹೊರಗೆ ಬಂದಾಗ ಮೈಯೆಲ್ಲ ಒಣಹುಲ್ಲಿನ ಬಣ್ಣ. ಹಿಡಿ ಇನ್ನೂ ಹಾಕಿಲ್ಲ, ಮೇಜಿನ ಮೇಲೇ ಇದೆ, ದಿನಕ್ಕೆ ನಾಲ್ಕು ಸಲ ಎತ್ತಿ ನೋಡುತ್ತೇನೆ.